ಬಂದೂಕು ಒಪ್ಪಿಸಿದವರ ಚರಿತ್ರೆ

ಚುನಾವಣೆಯ ದಿನಾಂಕ ಘೋಷಣೆಯಾಯಿತೆಂದರೆ ಬೀದರ್, ಭಾಲ್ಕಿ, ಔರಾದ್ ಕಡೆ ಬಂದೂಕಿನ ಲೈಸೆನ್ಸ್ ಇರುವ ಮನೆಗಳಲ್ಲಿ ಒಂದು ಕೆಲಸ ಶುರುವಾಗುತ್ತದೆ. ಅಲಮಾರಿಯೊಳಗಿನ ಬಂದೂಕನ್ನು ಇಳಿಸಿ, ಒರೆಸಿ, ಹಳೆಯ ಧೋತರದಲ್ಲಿ ಸುತ್ತಿ ಠಾಣೆಗೆ ಒಯ್ಯಬೇಕು. ಅಲ್ಲಿ ಬಂದೂಕಿನ ನಂಬರು ಬರೆದುಕೊಂಡು ಒಂದು ರಸೀದಿ ಕೊಡುತ್ತಾರೆ. ಫಲಿತಾಂಶ ಬಂದು ವಾರ ಕಳೆದ ಮೇಲೆ ಆ ರಸೀದಿ ತೋರಿಸಿ ಬಂದೂಕು ಬಿಡಿಸಿಕೊಂಡು ಬರಬೇಕು. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ ಎಂದು ಸಾಲಾಗಿ ಎರಡು ವರ್ಷ ಹೀಗೆ ಹೋಗಿ ಬಂದವರು ನಮ್ಮ ಕಡೆ ಬಹಳ ಮಂದಿ.

ಇದೇ ಜನ ಪತ್ರಿಕೆಯಲ್ಲಿ ಪರದೇಶದ ಸುದ್ದಿ ಓದುವಾಗ ಒಂದು ಕಡೆ ನಿಲ್ಲುತ್ತಾರೆ. ಅಲ್ಲಿ ಸರ್ಕಾರವೇ ಜನರ ಬಂದೂಕಿಗೆ ಬೆಲೆ ಕಟ್ಟಿ, ದುಡ್ಡು ಎಣಿಸಿ ಕೊಟ್ಟು ಕೊಂಡುಕೊಳ್ಳುತ್ತದಂತೆ. ಕೊಂಡ ಬಂದೂಕನ್ನು ಕತ್ತರಿಸಿ ಗುಜರಿಗೆ ಹಾಕುತ್ತದಂತೆ. ನಮ್ಮ ಸೀಮೆಯಲ್ಲಿ ಬಂದೂಕು ಕೈಬಿಟ್ಟು ಹೋಗುವುದಕ್ಕೆ ಮೂರೇ ಮಾತುಗಳಿವೆ: ಶರಣಾಗತಿ, ಜಪ್ತಿ, ಠೇವಣಿ. ಖರೀದಿ ಎಂಬ ನಾಲ್ಕನೆಯ ಮಾತು ಯಾಕೆ ಹುಟ್ಟಲಿಲ್ಲ, ಹುಟ್ಟಿದ್ದರೆ ಏನು ಬೇರೆಯಾಗುತ್ತಿತ್ತು ಎಂಬುದನ್ನು ನೋಡಲು ಈ ಮೂರು ಮಾತುಗಳ ಹಿಂದಿನ ಚರಿತ್ರೆಯನ್ನು ಸ್ವಲ್ಪ ಕೆದಕಬೇಕು.

ಮೊದಲನೆಯದು ಶರಣಾಗತಿ. ಬೀದರ್ ಮದ್ದುಗುಂಡಿನ ಊರು. ಕೋಟೆಯ ಬುರುಜುಗಳ ಮೇಲೆ ಇವತ್ತಿಗೂ ತೋಪುಗಳಿವೆ; ಮಕ್ಕಳು ಅವುಗಳ ಮೇಲೆ ಹತ್ತಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. 1657ರಲ್ಲಿ ಔರಂಗಜೇಬ, ಆಗಿನ್ನೂ ಶಹಜಾದೆ, ಈ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಕಿಲ್ಲೇದಾರ ಸಿದ್ದಿ ಮರ್ಜಾನ್ ಎಂಬ ಮುದುಕ. ಬುರುಜಿನ ಹಿಂದೆ ರಾಶಿ ಹಾಕಿದ್ದ ಮದ್ದಿಗೆ ಕಿಡಿ ತಾಗಿ ಸಿಡಿದು, ಸಿದ್ದಿ ಮರ್ಜಾನ್ ತೀವ್ರವಾಗಿ ಸುಟ್ಟುಕೊಂಡ. ಮರಣಶಯ್ಯೆಯಿಂದಲೇ ಮಕ್ಕಳ ಕೈಯಲ್ಲಿ ಕೋಟೆಯ ಕೀಲಿ ಕೊಟ್ಟು ಕಳಿಸಿದ. ಗೆದ್ದವರ ಲೆಕ್ಕದಲ್ಲಿ 12 ಲಕ್ಷ ರೂಪಾಯಿ ನಗದು, 8 ಲಕ್ಷದ ಮದ್ದು, ಗುಂಡು, ದವಸಗಳ ಜೊತೆ 230 ತೋಪುಗಳು ಸೇರಿದವು. ಮುಂದೆ ಅದೇ ಶತಮಾನದ ಕೊನೆಯಲ್ಲಿ ಮಹಮೂದ್ ಗಾವಾನನ ಮದರಸಾದ ಒಂದು ಭಾಗವೂ ಮದ್ದಿನ ಸ್ಫೋಟಕ್ಕೆ ಕುಸಿಯಿತು. 1472ರಲ್ಲಿ ಓದಿಗಾಗಿ ಕಟ್ಟಿದ್ದ ಆ ಕಟ್ಟಡದ ಮುರಿದ ಮಗ್ಗುಲು ಈಗಲೂ ಹಾಗೇ ಇದೆ. ಹತಿಯಾರ ಇಟ್ಟುಕೊಂಡವನಿಗೂ ಅದರಿಂದ ಅಪಾಯ ತಪ್ಪಿದ್ದಲ್ಲ ಎಂಬುದನ್ನು ಬೀದರಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಕೋಟೆ ಸೋತರೆ ತೋಪು ಹೋಗುವುದು ಯುದ್ಧದ ನಿಯಮ. ಅದರಲ್ಲಿ ಪ್ರಜೆಯ ಮಾತಿಲ್ಲ. ಪ್ರಜೆಯ ಮನೆಯೊಳಗಿನ ಆಯುಧಕ್ಕೆ ರಾಜ್ಯ ಕೈ ಹಾಕಿದ್ದು, ಅಂದರೆ ಜಪ್ತಿ ಎಂಬ ಎರಡನೆಯ ಮಾತು ಕನ್ನಡ ನೆಲದಲ್ಲಿ ಗಟ್ಟಿಯಾಗಿ ಕೇಳಿಸಿದ್ದು, ಕಂಪನಿ ಸರ್ಕಾರದ ಕೊನೆಗಾಲದಲ್ಲಿ. ಅದಕ್ಕೆ ಬೀದರಿನಿಂದ ದೂರದ ಮುಧೋಳ ಸೀಮೆಗೆ ಹೋಗಬೇಕು. 1857ರ ದಂಗೆಯ ನಡುವೆ ನಿಶ್ಶಸ್ತ್ರೀಕರಣದ ಕಾಯ್ದೆ ಬಂತು. ಆಯುಧಗಳನ್ನು ತಂದು ಒಪ್ಪಿಸಬೇಕು, ಇಟ್ಟುಕೊಳ್ಳಬೇಕಾದರೆ ಅಪ್ಪಣೆ ಬೇಕು. ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ ಅವರ ಬದುಕು, ಆಯುಧ ಅವರ ಮಾನ. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಶಾಲೆಯ ಪಾಠದಲ್ಲಿ ಲಾವಣಿಯಾಗಿ ಓದಿದ ಈ ಕಥೆ ನಮಗೆಲ್ಲ ಗೊತ್ತು. ಆಗಿನ ಸರ್ಕಾರ ಬೇಡರಿಗೆ ಹೊಟ್ಟೆಪಾಡಿನ ಸಾಧನಕ್ಕೆ ಬದಲಾಗಿ ಏನನ್ನೂ ಕೊಡಲಿಲ್ಲ. ಒಪ್ಪಿಸದಿದ್ದರೆ ಏನು ಶಿಕ್ಷೆ ಎಂಬುದಷ್ಟೇ ಆ ಕಾಯ್ದೆ ಹೇಳಿದ ಮಾತು.

ಅದೇ ಬ್ರಿಟಿಷರು ನಾಲ್ಕು ವರ್ಷದ ತರುವಾಯ, 1861ರಲ್ಲಿ, ಕೊಡವರಿಗೆ ಆಯುಧದ ವಿಷಯದಲ್ಲಿ ವಿನಾಯಿತಿ ಕೊಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇಂದಿಗೂ ನಡೆದು ಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಕೊಡವರ ಕೋವಿಯ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಹಲಗಲಿಯನ್ನೂ ಕೊಡಗನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಆ ಸರ್ಕಾರ ಯಾರನ್ನು ನಂಬಿತೋ ಅವರ ಮನೆಯಲ್ಲಿ ಕೋವಿ ಉಳಿಯಿತು, ಯಾರನ್ನು ನಂಬಲಿಲ್ಲವೋ ಅವರ ಮನೆಯಿಂದ ಹೋಯಿತು ಎಂಬುದು ಕಾಣುತ್ತದೆ.

ಈ ನಂಬಿಕೆಯ ಪ್ರಶ್ನೆ ಬೀದರ್ ಸೀಮೆಗೆ ಬಂದದ್ದು 1948ರಲ್ಲಿ. ಆಗಿನ ಬೀದರ್ ಜಿಲ್ಲೆ ಈಗಿನದಕ್ಕಿಂತ ದೊಡ್ಡದು. ಭಾಲ್ಕಿ, ಔರಾದ್, ಹುಮನಾಬಾದಿನ ಜೊತೆ ಉದಗೀರ, ನಿಲಂಗಾ, ಅಹಮದಪುರ, ಜಹೀರಾಬಾದ್, ನಾರಾಯಣಖೇಡಗಳೂ ನಿಜಾಮ ರಾಜ್ಯದ ಆ ಜಿಲ್ಲೆಯಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮೂರು ಪಾಲಾಯಿತು. 1947ರ ನವೆಂಬರ್ 29ರಂದು ಭಾರತ ಸರ್ಕಾರಕ್ಕೂ ನಿಜಾಮರಿಗೂ ಯಥಾಸ್ಥಿತಿ ಒಪ್ಪಂದವಾಗಿತ್ತು. ಆದರೆ ಹಳ್ಳಿಗಳಲ್ಲಿ ಯಥಾಸ್ಥಿತಿ ಉಳಿದಿರಲಿಲ್ಲ. ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು ಬಂದೂಕು, ಬರ್ಚಿ, ಕತ್ತಿ ಹಿಡಿದು ಊರೂರು ತಿರುಗುತ್ತಿದ್ದರು. ಆ ಕಡೆ ಗಡಿಯಾಚೆ, ಮುಂಡರಗಿಯಂಥ ಶಿಬಿರಗಳಲ್ಲಿ ಹೋರಾಟಗಾರರೂ ಆಯುಧ ಹಿಡಿಯುವುದನ್ನು ಕಲಿತಿದ್ದರು. ಆಸ್ಟ್ರೇಲಿಯಾದ ಪೈಲಟ್ ಸಿಡ್ನಿ ಕಾಟನ್ ಎಂಬವನು ಕರಾಚಿಯಿಂದ ರಾತ್ರಿ ವಿಮಾನಗಳಲ್ಲಿ ನಿಜಾಮ ರಾಜ್ಯಕ್ಕೆ ಹತಿಯಾರ ಸಾಗಿಸುತ್ತಿದ್ದ. 1948ರ ಮೇ ತಿಂಗಳಲ್ಲಿ ಈಗಿನ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಈ ಸೀಮೆ ಮರೆತಿಲ್ಲ. ಬಂದೂಕು ಇಲ್ಲದ ಊರಿಗೆ ಬಂದೂಕು ಇದ್ದವರು ನುಗ್ಗಿದರೆ ಏನಾಗುತ್ತದೆ ಎಂಬುದನ್ನು ಆ ತಲೆಮಾರು ಕಣ್ಣಾರೆ ಕಂಡಿತು. ಮುಂದೆ ನಮ್ಮ ಕಡೆ ಅನೇಕ ಮನೆಗಳು ಬಂದೂಕು ಇಟ್ಟುಕೊಳ್ಳಬೇಕೆಂದು ಬಯಸಿದ್ದರ ಬೇರು ಅಲ್ಲಿದೆ.

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ನಿಜಾಮ ರಾಜ್ಯದೊಳಗೆ ಬಂತು. 17ರ ಬೆಳಗಿನ ಜಾವ ಬೀದರ್ ಪ್ರವೇಶಿಸಿತು. ಅಂದೇ ನಿಜಾಮರು ಕದನವಿರಾಮ ಸಾರಿದರು. 18ರಂದು ಅವರ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾದರು. ಸರ್ಕಾರಿ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ 17 ಈಗ ಕಲ್ಯಾಣ ಕರ್ನಾಟಕ ಉತ್ಸವ ದಿನ. ಹಳಬರ ಬಾಯಲ್ಲಿ ಮಾತ್ರ ಅದು ಇನ್ನೂ 'ಪೊಲೀಸ್ ಆ್ಯಕ್ಷನ್'.

ಸೈನ್ಯ ಬಂದ ಮೇಲೆ ಆಯುಧಗಳ ಜಪ್ತಿ ಶುರುವಾಯಿತು. ಆಗಬೇಕಾದದ್ದೇ. ರಜಾಕಾರರ ಕೈಯಿಂದ ಬಂದೂಕು ಕಸಿಯದೆ ಶಾಂತಿ ಬರುತ್ತಿರಲಿಲ್ಲ. ಆದರೆ ಆ ಜಪ್ತಿ ಎಲ್ಲರ ಬಾಗಿಲಿಗೂ ಒಂದೇ ಬಗೆಯಲ್ಲಿ ಹೋಗಲಿಲ್ಲ. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರ ತಂಡ ಆ ವರ್ಷದ ಕೊನೆಯಲ್ಲಿ ಜಿಲ್ಲೆಗಳನ್ನು ಸುತ್ತಿ ವರದಿ ಕೊಟ್ಟಿತು. ದಶಕಗಳ ಕಾಲ ಕತ್ತಲಲ್ಲಿದ್ದು ಈಚೆಗೆ ಓದಲು ಸಿಕ್ಕಿರುವ ಆ ವರದಿಯ ಅಂದಾಜಿನಲ್ಲಿ, ಪೊಲೀಸ್ ಆ್ಯಕ್ಷನ್ ಹೊತ್ತಿನಲ್ಲಿ ಮತ್ತು ಆಮೇಲೆ ಸತ್ತವರು 27 ಸಾವಿರದಿಂದ 40 ಸಾವಿರ. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ. ಸೈನ್ಯ ಮುಸ್ಲಿಮರನ್ನು ಕಾಪಾಡಿದ ಊರುಗಳೂ ಆ ವರದಿಯಲ್ಲಿವೆ, ಕಾಪಾಡದ ಊರುಗಳೂ ಇವೆ. ಎಷ್ಟೋ ಕಡೆ ಮುಸ್ಲಿಮರ ಮನೆಯ ಆಯುಧಗಳು ಜಪ್ತಿಯಾದವು, ನೆರೆಯ ಹಿಂದೂ ಮನೆಯವು ಹಾಗೇ ಉಳಿದವು. ರಜಾಕಾರನಾಗಿದ್ದವನೂ, ರಜಾಕಾರರ ಮುಖ ನೋಡದೆ ಹೊಲ ಉತ್ತುಕೊಂಡಿದ್ದವನೂ ಒಂದೇ ಸಾಲಿನಲ್ಲಿ ನಿಂತು ಹತಿಯಾರ ಒಪ್ಪಿಸಿದ. ಒಪ್ಪಿಸಿದ ಮೇಲೆ ತನ್ನನ್ನು ಕಾಯುವವರು ಯಾರು ಎಂಬ ಪ್ರಶ್ನೆಗೆ ಅವನಿಗೆ ಎಷ್ಟೋ ಊರುಗಳಲ್ಲಿ ಉತ್ತರ ಸಿಗಲಿಲ್ಲ.

ಗೋರ್ಟಾದ ನೆನಪು ಮತ್ತು ಸುಂದರಲಾಲ್ ವರದಿ ಒಂದನ್ನೊಂದು ಹೊಡೆದುಹಾಕುವ ಸಂಗತಿಗಳಲ್ಲ. ಒಂದೇ ವರ್ಷದ ಮೇ ತಿಂಗಳು, ಸೆಪ್ಟೆಂಬರ್ ತಿಂಗಳು. ಎರಡರಲ್ಲೂ ಸತ್ತದ್ದು ಕೈಯಲ್ಲಿ ಏನೂ ಇಲ್ಲದವರು. ಬಂದೂಕು ಒಂದೇ ಕಡೆ ಉಳಿದಾಗ ಏನಾಗುತ್ತದೆಂದು ಮೊದಲು ಒಂದು ಕೋಮು ಕಲಿಯಿತು, ಆಮೇಲೆ ಇನ್ನೊಂದು ಕೋಮು ಕಲಿಯಿತು. ನಿಶ್ಶಸ್ತ್ರೀಕರಣ ಎಂಬ ಮಾತು ನಮ್ಮ ಸೀಮೆಯಲ್ಲಿ ಇವತ್ತಿಗೂ ಯಾಕೆ ಅನುಮಾನ ಹುಟ್ಟಿಸುತ್ತದೆ ಎಂದರೆ ಇದಕ್ಕೇ.

ಇಲ್ಲಿಂದ ಮುಂದಿನದು ಕಾಗದದ ಕಥೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದು, ಬಂದೂಕು ಇಡುವುದು ಲೈಸೆನ್ಸಿನ ವಿಷಯವಾಯಿತು. ಆ ಕಾಯ್ದೆ ರೈತನನ್ನು ಮರೆತಿರಲಿಲ್ಲ. ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ಬಂದೂಕಿಗೂ, ಅದು ಸಾಲದು ಎನಿಸಿದರೆ ನುಣುಪು ನಳಿಗೆಯ ಬೇರೆ ಬಂದೂಕಿಗೂ ಲೈಸೆನ್ಸ್ ಕೊಡಬಹುದೆಂದು ಅದರಲ್ಲೇ ಬರೆದಿದೆ. ಔರಾದ್ ಕಡೆಯ ನಮ್ಮ ಮನೆಯ ಒಂಟಿ ನಳಿಗೆ ಬಂದೂಕು ಅಂಥದ್ದೇ ಲೈಸೆನ್ಸಿನದು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂದದ್ದು. ನಮ್ಮ ಬಯಲಿನಲ್ಲಿ ಬೆಳೆಗೆ ಬೀಳುವುದು ಹಂದಿ ಮತ್ತು ಕೃಷ್ಣಮೃಗ. ಹೆಸರು, ಉದ್ದು, ಸೋಯಾ ಮೊಳೆತ ಹೊಸತರಲ್ಲಿ ಕೃಷ್ಣಮೃಗದ ಹಿಂಡು ಬಿದ್ದರೆ ಬೆಳಗಾಗುವುದರಲ್ಲಿ ಸಾಲಿಗೆ ಸಾಲೇ ಬೋಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಗೆ ಸೇರಿಸಿತು. ಅದು ಸರಿಯಾದ ಕೆಲಸ. ಇಲ್ಲದಿದ್ದರೆ ಆ ಪ್ರಾಣಿ ಇಷ್ಟರಲ್ಲಿ ನಮ್ಮ ಬಯಲಿನಿಂದ ಮಾಯವಾಗುತ್ತಿತ್ತು. ಆದರೆ ಲೆಕ್ಕ ನೋಡಿ: ಬೆಳೆ ಕಾಯಲು ಲೈಸೆನ್ಸ್ ಇದೆ, ಬೆಳೆಗೆ ಬೀಳುವ ಪ್ರಾಣಿಗೆ ಗುಂಡು ಹಾರಿಸಿದರೆ ಜೈಲು. ಅಂದಿನಿಂದ ಇಂಥ ಬಂದೂಕುಗಳು ಹೆಚ್ಚೆಂದರೆ ಗಾಳಿಯಲ್ಲಿ ಸದ್ದು ಮಾಡುವ ಸಾಮಾನುಗಳಾದವು. ಈಗ ಸದ್ದಿಗೆ ಪಟಾಕಿ ಸಾಕು.

ಇನ್ನು ಮೂರನೆಯ ಮಾತು, ಠೇವಣಿ. ಚುನಾವಣಾ ಆಯೋಗದ ಸೂಚನೆಯಂತೆ, ಜಿಲ್ಲಾಡಳಿತ ಲೈಸೆನ್ಸ್‌ದಾರರ ಪಟ್ಟಿ ಪರಿಶೀಲಿಸಬೇಕು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಭಾಗಿಯಾದವರು ಮೊದಲು ಠೇವಣಿ ಇಡಬೇಕು. ಬ್ಯಾಂಕಿನ ಕಾವಲಿನವರು, ಗುರಿಕಾರ ಕ್ರೀಡಾಪಟುಗಳು, ಪದ್ಧತಿಯಿಂದ ಆಯುಧ ಧರಿಸುವ ಸಮುದಾಯಗಳಿಗೆ ರಿಯಾಯಿತಿ ಇದೆ. ಕಾಗದದ ಮೇಲೆ ಇದು ಆರಿಸಿ ಕರೆಯುವ ಕ್ರಮ. ನಮ್ಮ ಅನುಭವದಲ್ಲಿ ಎಲ್ಲರಿಗೂ ಒಂದೇ ಫೋನು ಬರುತ್ತದೆ. ನನಗೆ ಅದರ ಬಗ್ಗೆ ತಕರಾರಿಲ್ಲ; ಮತದಾನದ ವಾರದಲ್ಲಿ ಊರಿನೊಳಗೆ ಬಂದೂಕು ಇಲ್ಲದಿರುವುದೇ ವಾಸಿ. ತಕರಾರು ಇರುವುದು ವಾಪಸ್ ಬಂದ ಬಂದೂಕಿನ ಬಗ್ಗೆ. ಒಂದು ಸಲ ನಮ್ಮದು ಠಾಣೆಯಿಂದ ಬಂದಾಗ ನಳಿಗೆಯ ತುಂಬ ತುಕ್ಕು, ಕಟ್ಟಿಗೆಯ ಹಿಡಿ ಸೀಳಿತ್ತು. ಎಲ್ಲರ ಬಂದೂಕುಗಳನ್ನು ಒಂದು ಮೂಲೆಯಲ್ಲಿ ಸೌದೆಯಂತೆ ಒಟ್ಟಿದ್ದರು. ಅಪ್ಪ ಪ್ರತಿ ಸಲ ಠೇವಣಿ ಇಟ್ಟು ಮನೆಗೆ ಬಂದಾಗ ಅಜ್ಜಿ ಕೇಳುತ್ತಿದ್ದದ್ದು ಒಂದೇ ಮಾತು: 'ಕಾಗ್ದ ಕೊಟ್ಟಾರೇನಪಾ?' ಅವಳು ಓದು ಬಾರದವಳು. ಪೊಲೀಸ್ ಆ್ಯಕ್ಷನ್ ಕಂಡಿದ್ದವಳು. ಕಾಗದವಿಲ್ಲದೆ ಹತಿಯಾರ ಒಯ್ದದ್ದನ್ನು ನೋಡಿದ್ದಳು.

2019ರ ಡಿಸೆಂಬರಿನಲ್ಲಿ ಸಂಸತ್ತು ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ತಂದಿತು. ಒಬ್ಬರು ಮೂರು ಬಂದೂಕು ಇಡಬಹುದಿತ್ತು. ಕರಡು ಮಸೂದೆಯಲ್ಲಿ ಅದನ್ನು ಒಂದಕ್ಕೆ ಇಳಿಸಿದ್ದರು. ವಿರೋಧ ಬಂದ ಮೇಲೆ ಎರಡು ಎಂದಾಯಿತು. ಮೂರನೆಯದಿದ್ದವರು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರುವ ವ್ಯಾಪಾರಿಗೋ ಒಪ್ಪಿಸಬೇಕೆಂದಿತು. ದೇಶದುದ್ದಕ್ಕೂ ನ್ಯಾಯವಾಗಿ ಕೊಂಡು, ಲೈಸೆನ್ಸ್ ಮಾಡಿಸಿ ಇಟ್ಟುಕೊಂಡಿದ್ದ ಆಸ್ತಿಯನ್ನು ಕೊಡಿ ಎಂದ ಆ ಕಾಯ್ದೆ, ಅದಕ್ಕೆ ಬೆಲೆ ಎಷ್ಟು ಎಂದು ಹೇಳಲಿಲ್ಲ.

ಆಸ್ಟ್ರೇಲಿಯಾದಲ್ಲಿ ಹೇಳಬೇಕಾಯಿತು. ಅಲ್ಲಿಯ ಸಂವಿಧಾನದ 51ನೆಯ ವಿಧಿಯ ಪ್ರಕಾರ ಕೇಂದ್ರ ಸರ್ಕಾರ ಯಾರ ಸ್ವತ್ತನ್ನಾದರೂ ತೆಗೆದುಕೊಳ್ಳಬೇಕಾದರೆ ನ್ಯಾಯವಾದ ಶರತ್ತಿನ ಮೇಲೇ ತೆಗೆದುಕೊಳ್ಳಬೇಕು. 1996ರ ಏಪ್ರಿಲ್ 28ರಂದು ಟಾಸ್ಮೇನಿಯಾದ ಪೋರ್ಟ್ ಆರ್ಥರಿನಲ್ಲಿ ಒಬ್ಬನೇ 35 ಜನರನ್ನು ಕೊಂದ. ಎರಡು ವಾರದೊಳಗೆ ಪ್ರಧಾನಿ ಜಾನ್ ಹೊವಾರ್ಡ್ ಎಲ್ಲ ರಾಜ್ಯಗಳನ್ನು ಒಪ್ಪಿಸಿ, ಅರೆ ಸ್ವಯಂಚಾಲಿತ ಬಂದೂಕುಗಳನ್ನು ನಿಷೇಧಿಸುವ ತೀರ್ಮಾನಕ್ಕೆ ಬಂದರು. ಜನರ ಮೇಲೆ ಒಂದು ವರ್ಷದ ಮಟ್ಟಿಗೆ ಆರೋಗ್ಯ ತೆರಿಗೆಯನ್ನು ಶೇಕಡಾ 0.2ರಷ್ಟು ಏರಿಸಿ, ಆ ಹಣದಲ್ಲಿ ಸುಮಾರು ಆರೂವರೆ ಲಕ್ಷ ಬಂದೂಕು ಕೊಂಡು ನಾಶಮಾಡಿದರು. ಅಲ್ಲಿಯ ರೈತರೂ ಬೇಟೆಗಾರರೂ ಬೀದಿಗಿಳಿದು ಪ್ರತಿಭಟಿಸಿದ್ದರು. ಕೊನೆಗೆ ಬಹುಪಾಲು ಜನ ಬಂದೂಕು ಕೊಟ್ಟರು. ನ್ಯೂಜಿಲೆಂಡ್ 2019ರಲ್ಲಿ, ಕ್ರೈಸ್ಟ್‌ಚರ್ಚಿನ ಮಸೀದಿಗಳಲ್ಲಿ 51 ಜನ ಸತ್ತ ಮೇಲೆ, ಬಂದೂಕಿನ ಮಾದರಿ ಮತ್ತು ಸ್ಥಿತಿ ನೋಡಿ ದರಪಟ್ಟಿ ಪ್ರಕಟಿಸಿ ಸುಮಾರು 56 ಸಾವಿರ ಬಂದೂಕು ಕೊಂಡಿತು. ನಮ್ಮಲ್ಲಿ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿ ಉಳಿದಿಲ್ಲ; 1978ರ 44ನೆಯ ತಿದ್ದುಪಡಿ ಅದನ್ನು 300ಎ ವಿಧಿಗೆ ಇಳಿಸಿತು. ಜಮೀನಿನ ವಿಷಯದಲ್ಲಿ ಅದಕ್ಕೆ ಕಾರಣಗಳಿದ್ದವು. ಬಂದೂಕಿನ ವಿಷಯದಲ್ಲಿ ಯಾರೂ ಯೋಚಿಸಿರಲಿಕ್ಕಿಲ್ಲ.

ನಮ್ಮ ಸರ್ಕಾರ ಬಂದೂಕಿಗೆ ದುಡ್ಡು ಕೊಡುವುದೇ ಇಲ್ಲ ಎಂದಲ್ಲ. ಶರಣಾಗುವ ನಕ್ಸಲರಿಗೆ ಪುನರ್ವಸತಿಯ ಜೊತೆಗೆ, ಅವರು ತರುವ ಆಯುಧದ ಬಗೆ ನೋಡಿ ಹೆಚ್ಚಿನ ಹಣ ಕೊಡುವ ಯೋಜನೆ ಇದೆ. ಕಾಡಿನಲ್ಲಿದ್ದವರು ಊರಿಗೆ ಬರಲೆಂದು ಮಾಡಿದ ಆ ಯೋಜನೆ ಒಳ್ಳೆಯದೇ. ಆದರೆ ಲೈಸೆನ್ಸ್ ಇಲ್ಲದ ಬಂದೂಕಿಗೆ ಸರ್ಕಾರದಲ್ಲಿ ದರಪಟ್ಟಿ ಇದೆ, ಲೈಸೆನ್ಸ್ ಇರುವ ಬಂದೂಕಿಗೆ ಇಲ್ಲ. ಅದನ್ನು ಒಪ್ಪಿಸಲು ಹೋದವನಿಗೆ ಕಾಯ್ದೆಯ 21ನೆಯ ಕಲಮು ಹೇಳುವುದು ಇಷ್ಟು: ಠಾಣೆಯಲ್ಲೋ ವ್ಯಾಪಾರಿಯ ಬಳಿಯೋ ಇಡು, ಲೈಸೆನ್ಸ್ ಇರುವವನಿಗೆ ಮಾರಿಕೋ, ಗಡುವಿನೊಳಗೆ ಆಗದಿದ್ದರೆ ಮುಟ್ಟುಗೋಲು. ಕೊಳ್ಳುವವರು ಎಲ್ಲಿದ್ದಾರೆ? ಹೊಸ ಲೈಸೆನ್ಸ್ ಸಿಗುವುದು ಅಪರೂಪ, ಸಿಕ್ಕವನು ಹೊಸ ಬಂದೂಕು ಕೊಳ್ಳುತ್ತಾನೆ. ನಮ್ಮ ಬಂದೂಕಿಗೆ ಹೈದರಾಬಾದಿನ ಅಂಗಡಿಯೊಂದರಲ್ಲಿ ಹೇಳಿದ ಬೆಲೆಗೆ ಔಷಧಿ ಹೊಡೆಯುವ ಒಂದು ಪಂಪು ಬರುತ್ತಿತ್ತು, ಅಷ್ಟೇ. ಹೀಗಾಗಿ ಉಪಯೋಗವಿಲ್ಲದ, ಮಾರಲಾಗದ, ಎಸೆಯಲಾಗದ ಬಂದೂಕುಗಳು ಮನೆಮನೆಯಲ್ಲಿ ಕೂತಿವೆ. ಕೇಂದ್ರ ಗೃಹ ಇಲಾಖೆ 2016ರ ಕೊನೆಗೆ ಕೊಟ್ಟ ಲೆಕ್ಕದಲ್ಲಿ ದೇಶದಲ್ಲಿದ್ದ ಲೈಸೆನ್ಸುಗಳು 33.69 ಲಕ್ಷ, ಕರ್ನಾಟಕದಲ್ಲಿ 1.13 ಲಕ್ಷ.

ಕೂತ ಬಂದೂಕು ಸುಮ್ಮನೆ ಕೂತಿರುವುದಿಲ್ಲ ಎಂಬುದನ್ನು ಬಂದೂಕು ಇಟ್ಟುಕೊಂಡವರೇ ಮೊದಲು ಒಪ್ಪಬೇಕು. ಸಾಲದ ಚಿಂತೆಯ ರಾತ್ರಿ, ಅಣ್ಣತಮ್ಮಂದಿರ ಹೊಲದ ಜಗಳ, ಆಟಕ್ಕೆ ಹುಡುಕುವ ಮಗುವಿನ ಕೈ, ಇವು ಮೂರೂ ನಮ್ಮ ಕಡೆಯ ಮನೆಗಳಿಗೆ ಹೊಸವಲ್ಲ. ಮರುಖರೀದಿಯಿಂದ ಅಪರಾಧ ನಿಲ್ಲುತ್ತದೆಂದು ನಾನು ನಂಬುವುದಿಲ್ಲ. ನಾಡ ಪಿಸ್ತೂಲು ಇಟ್ಟುಕೊಂಡವನು ಯಾವ ಸಾಲಿನಲ್ಲೂ ಬಂದು ನಿಲ್ಲುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಕೊಲೆಗಳ ಇಳಿಕೆಗೆ ಅದೇ ಕಾರಣವೇ ಎಂದು ತಿಳಿದವರು ಇನ್ನೂ ಚರ್ಚಿಸುತ್ತಿದ್ದಾರೆ. ಆದರೆ ಬಂದೂಕಿನಿಂದಾಗುವ ಆತ್ಮಹತ್ಯೆಗಳು ಆ ವರ್ಷಗಳ ತರುವಾಯ ಅಲ್ಲಿ ಇಳಿದವು. ಒಂದು ಮನೆಯಲ್ಲಿ ಒಂದು ಸಾವು ತಪ್ಪಿದರೂ ಒಂದು ಹಳೆಯ ನಳಿಗೆಯ ಬೆಲೆ ದೊಡ್ಡದಲ್ಲ.

ಹಾಗಾದರೆ ಸರ್ಕಾರ ಕೊಳ್ಳಲು ಬಂದರೆ ನಾನು ಕೊಡುತ್ತೇನೆಯೇ? ಕೊಡುತ್ತೇನೆ, ಮೂರು ಶರತ್ತಿನ ಮೇಲೆ. ದರಪಟ್ಟಿ ಮೊದಲೇ ಪ್ರಕಟವಾಗಬೇಕು. ಕಡಿಮೆಯಾದರೂ ಅಡ್ಡಿಯಿಲ್ಲ, ಅದು ನ್ಯಾಯವಾಗಿ ನನ್ನದಾಗಿತ್ತು ಎಂಬುದಕ್ಕೆ ಸಾಕ್ಷಿಯಾಗಬೇಕು. ಭಾಲ್ಕಿಯ ಗೌಡನಿಗೂ, ಬೀದರಿನ ಹಳೆ ಊರಿನ ಜನಾಬನಿಗೂ, ರಾಜಕಾರಣಿಯ ಮನೆಗೂ ಒಂದೇ ಕ್ರಮ ಅನ್ವಯವಾಗಬೇಕು. ಯಾರ ಮನೆಗೆ ಹೋದರು, ಯಾರ ಮನೆ ಬಿಟ್ಟರು ಎಂದು ಊರಲ್ಲಿ ಗುಸುಗುಸು ಹುಟ್ಟಬಾರದು. ಕೊಂಡದ್ದನ್ನು ಎಲ್ಲರೆದುರು ಕತ್ತರಿಸಬೇಕು. ಚರಿತ್ರೆಯ ಬೆಲೆ ಇರುವ ಒಂದೆರಡನ್ನು ಬೇಕಾದರೆ ಮ್ಯೂಸಿಯಮ್ಮಿಗೆ ಕೊಡಲಿ.

ಈ ಮೂರು ಶರತ್ತುಗಳಲ್ಲಿ ದುಡ್ಡಿನದು ಚಿಕ್ಕದು. ಹಲಗಲಿಯಲ್ಲಿ ಇಲ್ಲದ್ದು ಬದಲು, 1948ರಲ್ಲಿ ಇಲ್ಲದ್ದು ಸಮಾನತೆ, ಇಂದಿನ ಠೇವಣಿಯಲ್ಲಿ ಇಲ್ಲದ್ದು ಮುಕ್ತಾಯ. ಜನ ಬಂದೂಕು ಬಿಡದಿರುವುದು ಬಂದೂಕಿನ ಮೇಲಿನ ಪ್ರೀತಿಯಿಂದ ಎಂದು ದೂರದವರು ತಿಳಿಯುತ್ತಾರೆ. ನಮ್ಮ ಸೀಮೆಯಲ್ಲಂತೂ ಅದು, ಹಿಂದೆ ಬಿಟ್ಟವರಿಗೆ ಏನಾಯಿತು ಎಂಬ ನೆನಪಿನಿಂದ. ಆ ನೆನಪನ್ನು ಕಾಯ್ದೆಯಿಂದ ಜಪ್ತಿ ಮಾಡಲಾಗುವುದಿಲ್ಲ. ಸರ್ಕಾರ ಒಂದು ಸಲ ಮೇಜು ಹಾಕಿ, ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಬೆಲೆ ಎಣಿಸಿ ಕೊಟ್ಟು ಸಹಿ ಹಾಕಿದರೆ, ಬೀದರ್ ಜಿಲ್ಲೆಯ ಚರಿತ್ರೆಯಲ್ಲಿ ಹಾಗೆ ಬಂದೂಕು ಕೈಬದಲಾದದ್ದು ಅದೇ ಮೊದಲಾಗುತ್ತದೆ.